ಕಾಫಿ ತೋಟದ ಕಿಟಕಿಯಲ್ಲಿ ಜಾಝ್ ಫ್ಯೂಷನ್

ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ, ತೋಟದ ಇಳಿಜಾರಿನಲ್ಲಿರುವ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವ ಜಾಗ ಒಂದೇ, ಅದು ಅಡುಗೆಮನೆಯ ಪೂರ್ವದ ಕಿಟಕಿ. ಅಲ್ಲಿ ಉಪ್ಪಿನ ಭರಣಿಗೆ ಫೋನನ್ನು ಒರಗಿಸಿಟ್ಟು, ಬೆಳಗಿನ 5.30ಕ್ಕೆ ಒಲೆಯ ಮೇಲೆ ಕಾಫಿಗೆ ನೀರಿಟ್ಟಾಗ, ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕ್ ಊರಿನಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆಯಾಗಿರುತ್ತದೆ. ಅಲ್ಲಿನ ರೇಡಿಯೋ ಕೇಂದ್ರದ ನಿರೂಪಕರು ಈಗ ನುಡಿಸಿದವರು ಯಾರು, ಡ್ರಮ್ಸ್ ಯಾರದು, ಯಾವ ವರ್ಷದ ಧ್ವನಿಮುದ್ರಣ ಎಂದು ಹೇಳುವುದು ನನ್ನ ಅಡುಗೆಮನೆಯಲ್ಲಿ ಕೇಳಿಸುತ್ತದೆ. ಇಷ್ಟು ದೂರ ಬಂದು ತಲುಪಲು ನನಗೆ ಕೆಲವು ವರ್ಷಗಳೇ ಹಿಡಿದವು. ಜಾಝ್ ಫ್ಯೂಷನ್ ಕೇಳಬೇಕೆಂಬ ಆಸೆಯಿದ್ದು ಎಲ್ಲಿ ಹುಡುಕಬೇಕೆಂದು ತಿಳಿಯದವರಿಗೆ ನಾನು ಕಂಡುಕೊಂಡದ್ದು ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಈ ಹುಚ್ಚು ನನಗೆ ಹತ್ತಿದ್ದು ಸೋದರಮಾವನಿಂದ. ಅವರ ಬಳಿ ವಾಲ್ವಿನ ದೊಡ್ಡ ರೇಡಿಯೋ ಒಂದಿತ್ತು, ಈಗಲೂ ಇದೆ. ಸ್ವಿಚ್ ಹಾಕಿದ ಮೇಲೆ ವಾಲ್ವ್ ಕಾಯಲು ಅರ್ಧ ನಿಮಿಷ ಬೇಕು. ಆಮೇಲೆ ಗಾಜಿನ ಫಲಕದ ಹಿಂದೆ ಹಳದಿ ದೀಪ ಬೆಳಗುತ್ತದೆ. ಮಾವ ರಾತ್ರಿ ಊಟ ಮುಗಿಸಿ ಶಾರ್ಟ್‌ವೇವ್ ಪಟ್ಟಿಗೆ ತಿರುಗಿಸಿ, ಗುಂಡಿಯನ್ನು ಎರಡು ಬೆರಳುಗಳಲ್ಲಿ ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತಾ ವಾಯ್ಸ್ ಆಫ್ ಅಮೆರಿಕದ ಜಾಝ್ ಕಾರ್ಯಕ್ರಮವನ್ನು ಹಿಡಿಯುತ್ತಿದ್ದರು. ಅದನ್ನು 1955ರಿಂದ ನಡೆಸಿಕೊಂಡು ಬಂದವರು ವಿಲ್ಲಿಸ್ ಕಾನೋವರ್. ಇಂಗ್ಲಿಷ್ ಮನೆಮಾತಲ್ಲದ ದೇಶಗಳ ಕೇಳುಗರಿಗೂ ಅರ್ಥವಾಗಲೆಂದು ಅವರು ಪ್ರತಿ ಪದವನ್ನೂ ಬಿಡಿಸಿ, ನಿಧಾನವಾಗಿ, ಗಂಭೀರ ಧ್ವನಿಯಲ್ಲಿ ಹೇಳುತ್ತಿದ್ದರು. ಮಾವ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಡ್ಯೂಕ್ ಎಲಿಂಗ್ಟನ್ ಯಾರು, ಕೌಂಟ್ ಬೇಸಿ ಯಾರು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಕಾನೋವರ್ 1996ರಲ್ಲಿ ತೀರಿಕೊಂಡರು. ನಾನು ಸ್ವತಃ ಹುಡುಕತೊಡಗುವ ಹೊತ್ತಿಗೆ ಶಾರ್ಟ್‌ವೇವ್‌ನಲ್ಲಿ ಗೊರಗೊರ ಸದ್ದೇ ಹೆಚ್ಚಾಗಿತ್ತು, ಹುಡುಕಾಟ ಇಂಟರ್‌ನೆಟ್ಟಿಗೆ ಬಂತು.

ಇಂಟರ್‌ನೆಟ್ಟಿನಲ್ಲಿ ಮೊದಲು ಮಾಡಿದ ತಪ್ಪು 'ಫ್ಯೂಷನ್' ಎಂಬ ಪದವನ್ನೇ ನಂಬಿದ್ದು. ನಮ್ಮಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ನಿಂತುಬಿಟ್ಟಿದೆ. ಸಭಾಂಗಣದಲ್ಲಿ ಪಿಟೀಲು ಮತ್ತು ಮೃದಂಗದ ಜೊತೆಗೆ ಕೀಬೋರ್ಡ್ ಹಾಗೂ ಡ್ರಮ್ ಸೆಟ್ ಇಟ್ಟರೆ ಅದು ಫ್ಯೂಷನ್ ಕಛೇರಿ. ಆ್ಯಪ್‌ಗಳಲ್ಲಿ ಫ್ಯೂಷನ್ ಎಂದು ಬರೆದರೆ ಇಂಥವೇ ನೂರಾರು ಬರುತ್ತವೆ. ಜಾಝ್ ಎಂದು ಬರೆದರೆ ಹೋಟೆಲಿನ ಲಾಬಿಯಲ್ಲಿ ಹಿನ್ನೆಲೆಗೆ ಹಾಕುವ ಮೆತ್ತನೆಯ ಸ್ಯಾಕ್ಸೊಫೋನ್ ಪಟ್ಟಿಗಳು ಗಂಟೆಗಟ್ಟಲೆ ಬರುತ್ತವೆ, ಅವುಗಳಲ್ಲಿ ನುಡಿಸಿದವರ ಹೆಸರೂ ಇರುವುದಿಲ್ಲ. ನಾನು ಹುಡುಕುತ್ತಿದ್ದದ್ದು 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಗೀತ. ಜಾಝ್‌ನ ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ರೀತಿಗೆ, ರಾಕ್ ಮತ್ತು ಫಂಕ್ ಸಂಗೀತದ ತಾಳ, ವಿದ್ಯುತ್ ಗಿಟಾರ್, ವಿದ್ಯುತ್ ಪಿಯಾನೊ, ಸಿಂಥಸೈಜರ್ ಕೂಡಿಕೊಂಡ ಸಂಗೀತ ಅದು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1969ರಲ್ಲಿ ಮಾಡಿದ ಧ್ವನಿಮುದ್ರಣಗಳಲ್ಲಿ ಈ ತಿರುವು ಸ್ಪಷ್ಟವಾಗಿ ಕೇಳಿಸುತ್ತದೆ. ಆ ಕೋಣೆಯಲ್ಲಿ ಕುಳಿತು ನುಡಿಸಿದವರೇ ಮುಂದೆ ಒಬ್ಬೊಬ್ಬರಾಗಿ ತಮ್ಮ ತಮ್ಮ ತಂಡ ಕಟ್ಟಿದರು. ಜೋ ಜಾವಿನುಲ್ ಮತ್ತು ವೇಯ್ನ್ ಶಾರ್ಟರ್ ಸೇರಿ ವೆದರ್ ರಿಪೋರ್ಟ್ ಕಟ್ಟಿದರು, ಚಿಕ್ ಕೊರಿಯಾ ರಿಟರ್ನ್ ಟು ಫಾರೆವರ್ ಕಟ್ಟಿದರು, ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು.

ಈ ವಂಶವೃಕ್ಷ ಅರ್ಥವಾದ ದಿನವೇ ನನ್ನ ಹುಡುಕಾಟಕ್ಕೆ ದಾರಿ ಸಿಕ್ಕಿತು. ಫ್ಯೂಷನ್ ಅನ್ನು ಪ್ರಕಾರದ ಹೆಸರಿನಿಂದ ಹುಡುಕಬಾರದು, ನುಡಿಸಿದವರ ಹೆಸರು ಹಿಡಿದು ಹುಡುಕಬೇಕು. ಅದರಲ್ಲೂ ಮುಂದೆ ನಿಂತವರಿಗಿಂತ ಹಿಂದೆ ಕುಳಿತವರ ಹೆಸರು ಹೆಚ್ಚು ಫಲ ಕೊಡುತ್ತದೆ. ಮಹಾವಿಷ್ಣು ಆರ್ಕೆಸ್ಟ್ರಾದ ಮೊದಲ ತಂಡದಲ್ಲಿ ಡ್ರಮ್ಸ್ ನುಡಿಸಿದ ಬಿಲ್ಲಿ ಕಾಬ್‌ಹ್ಯಾಮ್, ಕೀಬೋರ್ಡಿನ ಯಾನ್ ಹ್ಯಾಮರ್, ಪಿಟೀಲಿನ ಜೆರ್ರಿ ಗುಡ್‌ಮನ್, ಬೇಸ್ ಗಿಟಾರಿನ ರಿಕ್ ಲೇರ್ಡ್, ಹೀಗೆ ನಾಲ್ಕು ಹೆಸರುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಒಂದೊಂದರ ಜಾಡು ಹಿಡಿದು ಹೋದೆ. ಪ್ರತಿಯೊಂದು ಹೆಸರೂ ಇನ್ನೂ ಐದಾರು ತಂಡಗಳಿಗೆ ಕರೆದೊಯ್ದಿತು. ರೇಡಿಯೋ ಕೇಂದ್ರಗಳ ಜಾಲತಾಣಗಳಲ್ಲಿ ಈಗಾಗಲೇ ಪ್ರಸಾರವಾದ ಹಾಡುಗಳ ಪಟ್ಟಿ ಇರುತ್ತದಲ್ಲ, ಅಲ್ಲಿ ಈ ಹೆಸರುಗಳು ಎಷ್ಟು ಸಲ ಕಾಣಿಸುತ್ತವೆ ಎಂದು ನೋಡಿದರೆ ಆ ಕೇಂದ್ರ ನಮ್ಮ ರುಚಿಗೆ ಹೊಂದುತ್ತದೋ ಇಲ್ಲವೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ದಿನಗಟ್ಟಲೆ ಕೇಳಿ ನಿರಾಶೆಪಡುವ ಅಗತ್ಯವಿಲ್ಲ.

ಇಪ್ಪತ್ತನಾಲ್ಕು ಗಂಟೆಯೂ ಫ್ಯೂಷನ್ ಒಂದನ್ನೇ ಹಾಕುವ, ನಿರೂಪಕರೂ ಇರುವ ಒಳ್ಳೆಯ ಕೇಂದ್ರ ನನಗೆ ಸಿಕ್ಕಿಲ್ಲ. ಹಾಗಾಗಿ ಒಂದೊಂದು ಕೇಂದ್ರದಿಂದ ಒಂದೊಂದನ್ನು ಪಡೆಯುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದ ಸೋಮಾ ಎಫ್‌ಎಂ 2000ನೇ ಇಸವಿಯಿಂದ ಜಾಹೀರಾತಿಲ್ಲದೆ, ಕೇಳುಗರ ದೇಣಿಗೆಯಿಂದಲೇ ನಡೆಯುತ್ತಿರುವ ಇಂಟರ್‌ನೆಟ್ ರೇಡಿಯೋ. ಅದರ ಹಲವಾರು ವಾಹಿನಿಗಳಲ್ಲಿ ಸೋನಿಕ್ ಯೂನಿವರ್ಸ್ ಎಂಬುದು ಫ್ಯೂಷನ್‌ನ ಮನೋಭಾವಕ್ಕೆ ಅತಿ ಹತ್ತಿರವಾದದ್ದು. ಹಳೆಯ ವಿದ್ಯುತ್ ಜಾಝ್‌ನ ಪಕ್ಕದಲ್ಲಿಯೇ ಯುರೋಪಿನ ಇಂದಿನ ತಂಡಗಳನ್ನೂ, ನಾನು ಎಂದೂ ಹೆಸರು ಕೇಳದವರನ್ನೂ ಅದು ಹಾಕುತ್ತದೆ. ಮಾತಿಲ್ಲ ಎಂಬುದೊಂದೇ ಕೊರತೆ, ಆದರೆ ಈಗ ನುಡಿಯುತ್ತಿರುವುದರ ಹೆಸರು, ವಾದಕರು, ಆಲ್ಬಂ ಪುಟದಲ್ಲಿ ಕಾಣಿಸುತ್ತವೆ. ನನ್ನ ನೋಟ್ ಪುಸ್ತಕದ ಅರ್ಧದಷ್ಟು ಹೆಸರುಗಳು ಅಲ್ಲಿಂದಲೇ ಬಂದವು.

ಮನುಷ್ಯರ ಮಾತು ಬೇಕೆನಿಸಿದಾಗ ಅಮೆರಿಕದ ಸಾರ್ವಜನಿಕ ರೇಡಿಯೋಗಳಿಗೆ ಹೋಗುತ್ತೇನೆ. ನ್ಯೂವಾರ್ಕಿನ ಡಬ್ಲ್ಯುಬಿಜಿಓ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕಾಲೇಜಿನ ಕೆಸಿಎಸ್‌ಎಂ ಎರಡೂ ಮುಖ್ಯವಾಗಿ ಸಾಂಪ್ರದಾಯಿಕ ಜಾಝ್ ಹಾಕುತ್ತವೆ. ಫ್ಯೂಷನ್ ನಡುನಡುವೆ ಬರುತ್ತದೆ, ಆದರೆ ಬಂದಾಗ ಅದರ ಹಿಂದುಮುಂದನ್ನು ಬಲ್ಲವರು ಹೇಳುತ್ತಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯುಕೆಸಿಆರ್ ಕೇಂದ್ರದ ಜನ್ಮದಿನದ ಪ್ರಸಾರಗಳಂತೂ ನನಗೆ ಹಬ್ಬ. ಒಬ್ಬ ಕಲಾವಿದರ ಹುಟ್ಟಿದ ದಿನ ಇಡೀ ಇಪ್ಪತ್ತನಾಲ್ಕು ಗಂಟೆ ಅವರದೇ ಸಂಗೀತವನ್ನು ಹಾಕಿ, ಯಾವ ಧ್ವನಿಮುದ್ರಣ ಯಾವಾಗ ಆಯಿತೆಂದು ವಿವರಿಸುವ ರೂಢಿ ಅವರದು. ನ್ಯೂ ಆರ್ಲಿಯನ್ಸಿನ ಡಬ್ಲ್ಯುಡಬ್ಲ್ಯುಓಝಡ್‌ನಲ್ಲಿ ಆ ಊರಿನ ಬ್ರಾಸ್ ಬ್ಯಾಂಡ್ ಮತ್ತು ಫಂಕ್ ಹೆಚ್ಚು. ಫ್ಯೂಷನ್‌ನ ತಾಳದ ಬೇರು ಎಲ್ಲಿದೆ ಎಂದು ತಿಳಿಯಲು ಅದನ್ನು ಕೇಳಬೇಕು. ಹಿಂದಿನ ಎರಡು ವಾರಗಳ ಕಾರ್ಯಕ್ರಮಗಳನ್ನು ಅವರು ಜಾಲತಾಣದಲ್ಲಿ ಇಟ್ಟಿರುತ್ತಾರೆ, ಆದ್ದರಿಂದ ಸಮಯದ ಚಿಂತೆಯಿಲ್ಲ. ರೇಡಿಯೋ ಫ್ರಾನ್ಸಿನ ಫಿಪ್ ಕೇಂದ್ರಕ್ಕೆ ಜಾಝ್‌ಗೆಂದೇ ಪ್ರತ್ಯೇಕ ಇಂಟರ್‌ನೆಟ್ ವಾಹಿನಿ ಇದೆ, ಅದರ ಆಯ್ಕೆಯಲ್ಲಿ ಒಳ್ಳೆಯ ಧೈರ್ಯವಿದೆ. ರೇಡಿಯೋ ಸ್ವಿಸ್ ಜಾಝ್ ಸ್ವಚ್ಛವಾಗಿ ಕೇಳಿಸುತ್ತದೆ, ಸದಾ ಸೌಮ್ಯ. ಲೆಕ್ಕ ಬರೆಯುವಾಗ ಹಾಕಿಕೊಳ್ಳಲು ಹಿತ, ಆದರೆ ಫ್ಯೂಷನ್ ಹುಡುಕುವವರು ಅಲ್ಲಿ ಕಾಯುತ್ತಾ ಕೂರಬೇಕಾಗಿಲ್ಲ.

ಹೊಸ ಕೇಂದ್ರ ಹುಡುಕಲು ಎರಡು ಸಾಧನಗಳಿವೆ. 2016ರಲ್ಲಿ ಆರಂಭವಾದ ರೇಡಿಯೋ ಗಾರ್ಡನ್‌ನಲ್ಲಿ ಭೂಗೋಳವನ್ನು ಬೆರಳಿನಿಂದ ತಿರುಗಿಸಿ, ಹಸಿರು ಚುಕ್ಕೆಯ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೋ ಕೇಳಿಸುತ್ತದೆ. ರೇಡಿಯೋ ಬ್ರೌಸರ್ ಎಂಬುದು ಕೇಳುಗರೇ ಕೂಡಿ ಬೆಳೆಸುತ್ತಿರುವ, ಎಲ್ಲರಿಗೂ ತೆರೆದ ಪಟ್ಟಿ. ಅಲ್ಲಿ ಜಾಝ್ ರಾಕ್, ಜಾಝ್ ಫಂಕ್ ಎಂಬ ಗುರುತುಪದಗಳಿಂದ ಹುಡುಕಿದರೆ ಫ್ಯೂಷನ್ ಎಂದು ಹುಡುಕುವುದಕ್ಕಿಂತ ಒಳ್ಳೆಯ ಫಲ ಸಿಗುತ್ತದೆ. ಮೊದಲನೆಯದು ಸುಮ್ಮನೆ ತಿರುಗಾಡಲು ಚೆನ್ನ, ಎರಡನೆಯದು ನಿರ್ದಿಷ್ಟವಾಗಿ ಹುಡುಕಲು.

ಸಮಯದ ಲೆಕ್ಕವನ್ನು ಒಮ್ಮೆ ಬರೆದು ಗೋಡೆಗೆ ಅಂಟಿಸಿಕೊಳ್ಳುವುದು ಉತ್ತಮ. ಅಮೆರಿಕದಲ್ಲಿ ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಕ್ಕಿಡುತ್ತಾರೆ. ಆದ್ದರಿಂದ ನ್ಯೂಯಾರ್ಕಿನ ರಾತ್ರಿ ಎಂಟರ ಕಾರ್ಯಕ್ರಮ ನಮ್ಮಲ್ಲಿ ಮಳೆಗಾಲದಲ್ಲಿ ಬೆಳಿಗ್ಗೆ 5.30ಕ್ಕೆ ಬಂದರೆ, ಕಾಫಿ ಕೊಯ್ಲಿನ ದಿನಗಳಲ್ಲಿ 6.30ಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ್ದು 8.30 ಮತ್ತು 9.30. ಕೊಯ್ಲಿನ ಸಮಯದಲ್ಲಿ ಆ ಹೊತ್ತಿಗೆ ಆಳುಗಳು ತೋಟಕ್ಕೆ ಇಳಿದಿರುತ್ತಾರೆ, ನಾನೂ ಅವರೊಡನೆ ಇರಬೇಕು. ಹಾಗಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕ್ಯಾಲಿಫೋರ್ನಿಯಾದ ರಾತ್ರಿ ನನ್ನ ಪಾಲಿಗಿಲ್ಲ.

ಇನ್ನು ನೆಟ್‌ವರ್ಕಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಹೋಗುವುದು ಹೊಸ ವಿಷಯವಲ್ಲ, ಮರ ಬಿದ್ದು ತಂತಿ ಕಡಿದರೆ ಎರಡು ಮೂರು ದಿನ ಬರುವುದಿಲ್ಲ. ನನ್ನ ಬೇಸರ ಇರುವುದು ಟವರ್‌ನ ಬಗ್ಗೆ. ಎದುರು ಬೆಟ್ಟದ ಟವರ್‌ಗೆ ಬ್ಯಾಟರಿ ಇದೆ, ಜನರೇಟರ್ ಇದೆ, ಆದರೆ ಡೀಸೆಲ್ ತುಂಬಿಸುವವರಿಲ್ಲದೆ ಕರೆಂಟ್ ಹೋದ ಮೂರು ಗಂಟೆಯೊಳಗೆ ಅದು ನಿಂತುಹೋಗುತ್ತದೆ. ಕಂಪನಿಗೆ ಎಷ್ಟು ಸಲ ದೂರು ಕೊಟ್ಟರೂ, ದೂರು ದಾಖಲಾಗಿದೆ ಎಂಬ ಸಂದೇಶವೊಂದೇ ಬರುವುದು. ಸಂಗೀತದ ವಿಷಯ ಬಿಡಿ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಗಾಡಿಗೆ ಫೋನ್ ಮಾಡಲೂ ಆಗುವುದಿಲ್ಲ. 2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಕಂಡ ನಮಗೆ ಇದು ಸಣ್ಣ ವಿಷಯವಲ್ಲ.

ಸಿಗ್ನಲ್ ಇದ್ದಾಗಲೂ ಅದು ತೆಳ್ಳಗಿರುತ್ತದೆ. ಅದಕ್ಕೆ ನಾನು ಮಾಡಿಕೊಂಡಿರುವ ಉಪಾಯವೆಂದರೆ ಬಿಟ್‌ರೇಟ್ ಕಡಿಮೆ ಇರುವ ಕೊಂಡಿಯನ್ನು ಹುಡುಕುವುದು. ಬಿಟ್‌ರೇಟ್ ಎಂದರೆ ಪ್ರತಿ ಸೆಕೆಂಡಿಗೆ ಹರಿದುಬರುವ ಮಾಹಿತಿಯ ಪ್ರಮಾಣ, ಅದನ್ನು ಕೆಬಿಪಿಎಸ್‌ನಲ್ಲಿ ಅಳೆಯುತ್ತಾರೆ. 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 144 ಎಂಬಿ, 128ರಲ್ಲಿ 58 ಎಂಬಿ, 64ರಲ್ಲಿ 29 ಎಂಬಿ ಖರ್ಚಾಗುತ್ತದೆ. ಸೋಮಾ ಎಫ್‌ಎಂ ಒಂದೇ ವಾಹಿನಿಯನ್ನು ಬೇರೆ ಬೇರೆ ಬಿಟ್‌ರೇಟ್‌ಗಳಲ್ಲಿ ಕೊಡುತ್ತದೆ. ಎಂಪಿ3ಗಿಂತ ಎಎಸಿ ರೂಪದ್ದನ್ನು ಆರಿಸಿಕೊಂಡರೆ 64ರಲ್ಲಿಯೂ ಬೇಸ್ ಗಿಟಾರ್ ದಟ್ಟವಾಗಿಯೇ ಕೇಳಿಸುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಮೊದಲು ಕೆಡುವುದು ಡ್ರಮ್ಸ್‌ನ ಸಿಂಬಲ್. ಕಂಚಿನ ತಟ್ಟೆಯ ಝೇಂಕಾರ ನೀರು ಕಲಕಿದಂತೆ ಆಗಿಬಿಡುತ್ತದೆ. ವೆದರ್ ರಿಪೋರ್ಟ್ ತಂಡದಲ್ಲಿದ್ದ ಜಾಕೊ ಪಾಸ್ಟೋರಿಯಸ್ ಅವರ ಮೆಟ್ಟಿಲಿಲ್ಲದ (ಫ್ರೆಟ್ ಇಲ್ಲದ) ಬೇಸ್ ಗಿಟಾರ್ ಕೇಳಲು 64 ಸಾಕು, ಕಾಬ್‌ಹ್ಯಾಮ್ ಡ್ರಮ್ಸ್ ಕೇಳಲು 128 ಬೇಕು ಎಂಬುದು ನನ್ನ ಅನುಭವ.

ಕೇಂದ್ರದ ಆ್ಯಪ್ ಅಥವಾ ಪುಟವನ್ನು ತೆರೆದರೆ ಚಿತ್ರ ಮತ್ತು ಜಾಹೀರಾತುಗಳಿಗೇ ಸಿಗ್ನಲ್ ಮುಗಿದುಹೋಗುತ್ತದೆ. ಅದರ ಬದಲು ಅನೇಕ ಕೇಂದ್ರಗಳು ಪಿಎಲ್‌ಎಸ್ ಅಥವಾ ಎಂ3ಯು ಎಂಬ ಪುಟ್ಟ ಕಡತವನ್ನು ಕೊಡುತ್ತವೆ. ಅದರಲ್ಲಿ ಸಂಗೀತವಿಲ್ಲ, ಬರಹ ಮಾತ್ರ. ಪಿಎಲ್‌ಎಸ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ 'ಫೈಲ್ 1' ಎಂದು ಆರಂಭವಾಗುವ ಸಾಲಿನಲ್ಲಿ, ಸಮ ಚಿಹ್ನೆಯ ಮುಂದೆ, ಪ್ರಸಾರದ ನಿಜವಾದ ವಿಳಾಸ ಇರುತ್ತದೆ. ಆ ವಿಳಾಸವನ್ನು ನಕಲು ಮಾಡಿ ವಿಎಲ್‌ಸಿ ಪ್ಲೇಯರಿನ ನೆಟ್‌ವರ್ಕ್ ಸ್ಟ್ರೀಮ್ ಎಂಬಲ್ಲಿ ಅಂಟಿಸಿದರೆ ಸಾಕು, ಸಂಗೀತವೊಂದೇ ಬರುತ್ತದೆ. ಅದೇ ವಿಎಲ್‌ಸಿಯಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ ಎಂಬ ಅಂಕಿ, ಅಂದರೆ ನುಡಿಸುವ ಮೊದಲು ಎಷ್ಟು ಹೊತ್ತಿನ ಸಂಗೀತವನ್ನು ತುಂಬಿಟ್ಟುಕೊಳ್ಳಬೇಕು ಎಂಬುದು, ಸಾಮಾನ್ಯವಾಗಿ 1000 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡ್ ಇರುತ್ತದೆ. ಅದನ್ನು ಹತ್ತು ಸಾವಿರಕ್ಕೆ ಏರಿಸಿದೆ. ಶುರುವಾಗುವುದು ತಡ, ಆದರೆ ಗಾಳಿಗೆ ಸಿಗ್ನಲ್ ಐದಾರು ಸೆಕೆಂಡ್ ತಪ್ಪಿಹೋದರೂ ಸಂಗೀತ ಕಡಿಯುವುದಿಲ್ಲ. ವಾಲ್ವ್ ಕಾಯಲು ಅರ್ಧ ನಿಮಿಷ ಕಾದವರಿಗೆ ಹತ್ತು ಸೆಕೆಂಡ್ ಹೆಚ್ಚೇನಲ್ಲ.

ಹಾಡುಗಳನ್ನು ನಾವೇ ಆರಿಸಿ ಕೇಳುವ ಸೇವೆಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ, ಅವು ಎಲ್ಲರ ಫೋನಿನಲ್ಲಿವೆ. ಒಂದು ಮಾತು ಮಾತ್ರ ಹೇಳುತ್ತೇನೆ. ಹಾಡು ಮುಗಿದ ಮೇಲೆ ತಾನಾಗಿ ಮುಂದುವರಿಯುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಮಹಾವಿಷ್ಣುವಿನಿಂದ ಆರಂಭಿಸಿದರೆ ನಾಲ್ಕನೆಯ ಹಾಡಿಗೆ ಅದು ಮತ್ತೆ ಹೋಟೆಲ್ ಲಾಬಿಗೆ ತಂದು ನಿಲ್ಲಿಸುತ್ತದೆ. ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ. ಈ ಸೇವೆಗಳಲ್ಲಿ ಈಗ ಸಿಗುವ ನಿಜವಾದ ನಿಧಿಯೆಂದರೆ ಜರ್ಮನಿಯ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆಯ ಸಂಗ್ರಹ. ಬಹಳ ಕಾಲ ಸ್ಟ್ರೀಮಿಂಗಿನಿಂದ ದೂರವಿದ್ದ ಆ ಸಂಸ್ಥೆ 2017ರ ನವೆಂಬರಿನಲ್ಲಿ ತನ್ನ ಧ್ವನಿಮುದ್ರಣಗಳನ್ನು ಅಲ್ಲಿಗೆ ಬಿಟ್ಟಿತು. ಅವುಗಳ ನಡುವೆ ನಮ್ಮ ಬೆಂಗಳೂರೂ ಇದೆ. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ಮಾಡಿದ 'ಜ್ಯೋತಿ' ಇಸಿಎಂನಿಂದಲೇ ಬಂದದ್ದು. ರಮಾಮಣಿಯವರ ಕಂಠದ ಹಿಂದೆ ಮರಿಯಾನೊ ಅವರ ವಾದ್ಯ ತಡೆದು ತಡೆದು ಹೆಜ್ಜೆಯಿಡುವುದನ್ನು ಕೇಳಿದಾಗ, ಇಷ್ಟು ವರ್ಷ ದೂರದೂರ ಹುಡುಕಿದ್ದು ಆರೇ ಗಂಟೆಯ ಬಸ್ ಪ್ರಯಾಣದ ಊರಿನಲ್ಲಿ ಇತ್ತಲ್ಲ ಎಂದು ಕಣ್ಣು ತುಂಬಿ ಬಂತು. ಹಾಗೆಯೇ ಮಂಗಳೂರಿನ ಕದ್ರಿ ಗೋಪಾಲನಾಥರು ಅಮೆರಿಕದ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ, 2008ರಲ್ಲಿ ಹೊರಬಂದ ಆಲ್ಬಂ ಇದೆ. ಎರಡು ಸ್ಯಾಕ್ಸೊಫೋನ್‌ಗಳಲ್ಲಿ ಯಾವುದು ಯಾರದೆಂದು ಗುರುತಿಸಲು ಕಲಿತರೆ, ಸ್ವರವನ್ನು ಬಳುಕಿಸುವ ಗಮಕ ಎಂದರೇನು ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಕೊಂಡು ಕೇಳಬೇಕೆಂದರೆ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ ಒಳ್ಳೆಯದು. ಅಲ್ಲಿ ಕೊಟ್ಟ ಹಣದಲ್ಲಿ ಸರಾಸರಿ ಶೇ 82ರಷ್ಟು ಕಲಾವಿದರಿಗೋ ಅವರ ಸಂಸ್ಥೆಗೋ ಸೇರುತ್ತದೆ, ಕಡತಗಳು ನಮ್ಮಲ್ಲೇ ಉಳಿಯುತ್ತವೆ. ಮೇ ತಿಂಗಳಲ್ಲಿ ಕುಶಾಲನಗರಕ್ಕೆ ಹೋದಾಗ, ಅಲ್ಲಿನ ಒಳ್ಳೆಯ ನೆಟ್‌ವರ್ಕಿನಲ್ಲಿ, ಮಳೆಗಾಲಕ್ಕೆ ಬೇಕಾದ ಐದಾರು ಆಲ್ಬಂಗಳನ್ನು ಇಳಿಸಿಕೊಂಡು ಬರುತ್ತೇನೆ. ಸೌದೆ ಒಟ್ಟುವ ಕೆಲಸದ ಜೊತೆಗೇ ಇದೂ ನಡೆಯುತ್ತದೆ.

ಆಕಾಶವಾಣಿಯನ್ನು ಮರೆಯುವಂತಿಲ್ಲ. ಮಡಿಕೇರಿಯ 103.1ರಲ್ಲಿ ಜಾಝ್ ಬರುತ್ತದೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಟವರ್ ನಿಂತ ದಿನ ಬ್ಯಾಟರಿ ಟ್ರಾನ್ಸಿಸ್ಟರಿನಲ್ಲಿ ಮಾತನಾಡುವುದು ಅದೊಂದೇ. ಫ್ಯೂಷನ್ ಕೇಳುಗರಿಗೆ ನಾನು ಒತ್ತಿ ಹೇಳುವುದು ರಾಗಂ ವಾಹಿನಿಯನ್ನು. 2016ರ ಜನವರಿ 26ರಂದು ಆರಂಭವಾದ, ಬೆಂಗಳೂರಿನಿಂದ ನಡೆಯುವ ಈ ವಾಹಿನಿ ದಿನವಿಡೀ ಶಾಸ್ತ್ರೀಯ ಸಂಗೀತ ಹಾಕುತ್ತದೆ, ಆಕಾಶವಾಣಿಯ ಆ್ಯಪ್‌ನಲ್ಲಿ ಸಿಗುತ್ತದೆ. ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತವರು. ಅನಂತರ ಎಲ್. ಶಂಕರ್, ಜಾಕಿರ್ ಹುಸೇನ್, ಘಟಂ ವಿನಾಯಕರಾಂ ಜೊತೆ ಶಕ್ತಿ ತಂಡ ಕಟ್ಟಿದರು. ಅದೇ ತಂಡದ ಹೊಸ ಆಲ್ಬಂಗೆ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು, ಆ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ನಮ್ಮನ್ನು ಅಗಲಿದರು. ಶಕ್ತಿಯ ಸಂಗೀತದಲ್ಲಿ ಘಟ ಮತ್ತು ತಬಲಾ ಒಂದಕ್ಕೊಂದು ಉತ್ತರ ಕೊಡುವ ಜಾಗಗಳು ನನಗೆ ಮೊದಲು ಬರೀ ವೇಗವಾಗಿ ಕೇಳಿಸುತ್ತಿದ್ದವು. ರಾಗಂನಲ್ಲಿ ಒಂದು ವರ್ಷ ತನಿ ಆವರ್ತನಗಳನ್ನು, ಅಂದರೆ ಕಛೇರಿಯಲ್ಲಿ ಲಯವಾದ್ಯಗಳಷ್ಟೇ ನುಡಿಯುವ ಭಾಗಗಳನ್ನು, ಕೈಯಲ್ಲಿ ತಾಳ ಹಾಕಿ ಕೇಳಿದ ಮೇಲೆ, ಅವುಗಳನ್ನು ಮುಗಿಸುವ ಲಯವಿನ್ಯಾಸವಾದ ಮುಕ್ತಾಯ ಎಲ್ಲಿಂದ ಹೊರಟು ಎಲ್ಲಿ ಬಂದು ಬೀಳುತ್ತದೆ ಎಂಬುದು ಮೊದಲೇ ಗೊತ್ತಾಗತೊಡಗಿತು.

ಕಳೆದ ಮಳೆಗಾಲಕ್ಕೆ ಮುಂಚೆ ಮಾವನ ರೇಡಿಯೋವನ್ನು ಕುಶಾಲನಗರದ ಹಳೆಯ ರಿಪೇರಿಯವರೊಬ್ಬರಿಗೆ ತೋರಿಸಿದೆ. ಅದರ ಬೆನ್ನಿನಲ್ಲಿ ಗ್ರಾಮಫೋನ್ ಜೋಡಿಸಲೆಂದು ಎರಡು ತೂತುಗಳಿವೆ. ಅವರು ಒಳಗಿನ ವೈರಿಂಗ್ ಪರೀಕ್ಷಿಸಿ, ಶಾಕ್ ಹೊಡೆಯದಂತೆ ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ, ಫೋನಿಗೆ ಸೇರುವ ತಂತಿ ಮಾಡಿಕೊಟ್ಟರು. ಭಾನುವಾರ ಬೆಳಿಗ್ಗೆ ಮಾವನ ಮನೆಯ ಜಗುಲಿಯಲ್ಲಿ ಅದನ್ನು ಜೋಡಿಸಿದೆ. ಅರ್ಧ ನಿಮಿಷ ಕಳೆದು ಹಳದಿ ದೀಪ ಬೆಳಗಿತು, ಡಬ್ಲ್ಯುಬಿಜಿಓದಲ್ಲಿ ವಿದ್ಯುತ್ ಪಿಯಾನೊ ನುಡಿಯುತ್ತಿತ್ತು. ಎಂಬತ್ತಮೂರರ ಮಾವ ಅಭ್ಯಾಸಬಲದಿಂದ ಗುಂಡಿಯ ಮೇಲೆ ಎರಡು ಬೆರಳಿಟ್ಟು ಕೇಳಿದರು, "ಇದು ಯಾರು ನುಡಿಸ್ತಿರೋದು?"

"ಸ್ವಲ್ಪ ಇರಿ ಮಾವ, ಮುಗಿದ ಮೇಲೆ ಅವರೇ ಹೇಳ್ತಾರೆ" ಎಂದೆ.

ಹರ್ಬಿ ಹ್ಯಾನ್‌ಕಾಕ್ ಎಂದು ನಿರೂಪಕರು ಹೇಳಿದರು. ಮಾವ ಆ ಹೆಸರನ್ನು ಎರಡು ಸಲ ಹೇಳಿಕೊಂಡು, ನನ್ನ ನೋಟ್ ಪುಸ್ತಕ ತೆಗೆದುಕೊಂಡು ಕನ್ನಡದಲ್ಲಿ ಬರೆದುಕೊಂಡರು.